ಪೈಥಾನ್ ಪೊರೆ ಬಿಟ್ಟಾಗ...

ಬ್ಲಾಗಿನಲ್ಲಿ ಏನೂ ಬರೆಯದೆ ಮೂರು ತಿಂಗಳಾಯ್ತು. ಒಂದಿಬ್ಬರು "ಏನ್ರೀ, ಬರೆಯೋದು ಬಿಟ್ಟೇಬಿಟ್ರಾ?" ಅಂತ ಕೇಳಿದ್ರು. ಬಿಟ್ಟಿಲ್ಲ. ಸಂಜೆ ಹೊತ್ತು ಸಿಗೋ ಒಂದೆರಡು ಗಂಟೆಯನ್ನ ಬೇರೊಂದು ಕೆಲಸ ನುಂಗ್ತಾ ಇತ್ತು. ನುಂಗಿದ್ದು ಹೆಬ್ಬಾವೇ ಅನ್ನಿ :-) ಪೈಥಾನ್ 2ರಲ್ಲಿ ಬರೆದಿದ್ದ ಒಂದು ಪುಟ್ಟ ಮುಕ್ತ ತಂತ್ರಾಂಶವನ್ನ ಪೈಥಾನ್ 3ಕ್ಕೆ ಹೊಂದಿಸೋ ಕೆಲಸ. ತಂತ್ರಾಂಶದ ಮಂದಿ ಇದಕ್ಕೆ 'ಪೋರ್ಟಿಂಗ್' ಅಂತಾರೆ.

ಈ ವಿಷಯ ಬರೆದ್ರೆ ಕಂಪ್ಯೂಟರ್‌ನವರು ಮಾತ್ರ ಓದ್ತಾರೆ, ಉಳಿದವರು ಪಕ್ಕದ ಬ್ಲಾಗಿಗೆ ಹೋಗ್ತಾರೆ ಅಂತ ಗೊತ್ತು. ಆದ್ರೂ ಸ್ವಲ್ಪ ಕೂತ್ಕೊಳ್ಳಿ. ಇದು ಕನ್ನಡ ಅಕ್ಷರಗಳ ಕಥೆಯೂ ಹೌದು.

(ಪೈಥಾನ್ ಅನ್ನೋ ಹೆಸರು ಬಂದದ್ದು ಹಾವಿನಿಂದ ಅಲ್ಲ, ಮಾಂಟಿ ಪೈಥಾನ್ ಅನ್ನೋ ಬ್ರಿಟಿಷ್ ಹಾಸ್ಯ ತಂಡದಿಂದ. ಆದ್ರೆ ಅದರ ಲೋಗೋದಲ್ಲೇ ಎರಡು ಹಾವು ಸುತ್ತಿಕೊಂಡಿರೋದ್ರಿಂದ ಹಾವಿನ ಹೋಲಿಕೆ ನಾನು ಬಿಡೋದಿಲ್ಲ.)

*

ಮೊದಲು ಈ ಹಾವು ಪೊರೆ ಬಿಟ್ಟದ್ದು ಯಾಕೆ ಅಂತ ನೋಡೋಣ.

ಗೈಡೋ ವಾನ್ ರೋಸಮ್ ಪೈಥಾನಿನ ಮೊದಲ ಆವೃತ್ತಿಯನ್ನ ಹೊರಗೆ ಬಿಟ್ಟದ್ದು 1991ರ ಫೆಬ್ರವರಿಯಲ್ಲಿ. ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಅಂದ್ರೆ ಪೈಥಾನ್ ಯೂನಿಕೋಡ್‌ಗಿಂತ ಕೆಲವು ತಿಂಗಳು ದೊಡ್ಡದು. ಹಾಗಾಗಿ ಪೈಥಾನ್ ಹುಟ್ಟಿದಾಗ ಅದರ ಪಾಲಿಗೆ 'ಅಕ್ಷರ' ಅಂದ್ರೆ ಒಂದು ಬೈಟ್, ಅಷ್ಟೇ. ಇಂಗ್ಲಿಷ್‌ಗೆ ಅದು ಸಾಕಾಗ್ತಿತ್ತು. 2000ದಲ್ಲಿ ಬಂದ ಪೈಥಾನ್ 2.0ರಲ್ಲಿ ಯೂನಿಕೋಡ್‌ಗೆ ಒಂದು ಪ್ರತ್ಯೇಕ ಕೋಣೆ ಕಟ್ಟಿಕೊಟ್ರು. ಆದ್ರೆ ಹಳೆ ಮನೆ ಹಾಗೇ ಇತ್ತು. ಬೈಟುಗಳ ಸಾಲು, ಅಕ್ಷರಗಳ ಸಾಲು ಎರಡೂ ಒಂದೇ ಜಗಲಿಯಲ್ಲಿ ಕೂತಿರ್ತಿದ್ವು. ಎರಡನ್ನೂ ಕೂಡಿಸಿದ್ರೆ ಪೈಥಾನ್ 2 ತಾನೇ ಏನೋ ಊಹೆ ಮಾಡಿ ಸೇರಿಸ್ತಿತ್ತು. ಊಹೆ ಏನು? "ಇದೆಲ್ಲ ಆಸ್ಕಿ ಇರಬೇಕು" ಅಂತ.

ಇಂಗ್ಲಿಷ್ ಬರೆಯೋ ತನಕ ಊಹೆ ಸರಿಯಾಗೇ ಇರ್ತಿತ್ತು. ಕನ್ನಡ ಬಂತೋ, ಪ್ರೋಗ್ರಾಮ್ ಮಗುಚಿ ಬೀಳ್ತಿತ್ತು. ಆ ಕಾಲದಲ್ಲಿ ಪೈಥಾನಿನಲ್ಲಿ ಕನ್ನಡ ಮುಟ್ಟಿದ ಯಾರನ್ನೇ ಕೇಳಿ, ಆ ಎರರ್ ಮೆಸೇಜ್ ಬಾಯಿಪಾಠ ಇರುತ್ತೆ. "ಆಸ್ಕಿ ಕೋಡೆಕ್‌ಗೆ ಸೊನ್ನೆ-ಎಕ್ಸ್-ಇ-ಸೊನ್ನೆ ಅನ್ನೋ ಬೈಟ್ ಅರ್ಥ ಆಗಲಿಲ್ಲ" ಅಂತ. ಯಾವಾಗ್ಲೂ ಅದೇ ಬೈಟ್ ಯಾಕೆ ಅಂದ್ರೆ, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು, ಮೊದಲನೆಯದು ಯಾವತ್ತೂ ಅದೇ. ಕನ್ನಡದ ಮನೆ ಬಾಗಿಲಿಗೆ ಹಾಕಿದ ನಂಬರ್ ಇದ್ದ ಹಾಗೆ. ಪೈಥಾನ್ 2 ಆ ಬಾಗಿಲು ನೋಡಿದ ತಕ್ಷಣ ಎಡವುತ್ತಿತ್ತು.

ಇನ್ನೊಂದು ತಮಾಷೆ. 'ಕನ್ನಡ' ಅನ್ನೋ ಪದದಲ್ಲಿ ಎಷ್ಟು ಅಕ್ಷರ? ಒಂದನೇ ಕ್ಲಾಸಿನ ಮಗು ಮೂರು ಅನ್ನುತ್ತೆ. ಪೈಥಾನ್ 2ರ ಸಾದಾ ಸ್ಟ್ರಿಂಗ್ ಹದಿನೈದು ಅಂತಿತ್ತು! ಅದು ಎಣಿಸ್ತಿದ್ದದ್ದು ಬೈಟುಗಳನ್ನ. ಪೈಥಾನ್ 3 ಐದು ಅನ್ನುತ್ತೆ. ಕ, ನ, ಹಲಂತದ ಕೊಂಬು, ನ, ಡ. ಇದೂ ಮಗುವಿನ ಲೆಕ್ಕ ಅಲ್ಲ. ಆದ್ರೂ ಹದಿನೈದರಿಂದ ಐದಕ್ಕೆ ಬಂದದ್ದು ಸಣ್ಣ ವಿಷಯ ಅಲ್ಲ. ಹದಿನೈದನ್ನ ಎಲ್ಲೋ ನಡುವೆ ಕತ್ತರಿಸಿದ್ರೆ ಸಿಗೋದು ಕಸ. ಐದನ್ನ ಕತ್ತರಿಸಿದ್ರೆ ಅರ್ಧ ಅಕ್ಷರವಾದ್ರೂ ಕನ್ನಡವೇ ಸಿಗುತ್ತೆ.

ಇದನ್ನೆಲ್ಲ ಸರಿ ಮಾಡ್ಬೇಕಾದ್ರೆ ಹಳೆ ಪ್ರೋಗ್ರಾಮುಗಳು ಮುರಿಯೋದು ಅನಿವಾರ್ಯ ಅಂತ ಪೈಥಾನಿಗರು ತೀರ್ಮಾನ ಮಾಡಿದ್ರು. 2008ರ ಡಿಸೆಂಬರ್ 3ರಂದು ಪೈಥಾನ್ 3.0 ಬಂತು. ಅದರ ಕಟ್ಟಾಜ್ಞೆ ಏನಂದ್ರೆ, ಬೈಟು ಬೇರೆ, ಅಕ್ಷರ ಬೇರೆ. ಬೆರೆಸಬೇಕಾದ್ರೆ ಯಾವ ಎನ್‌ಕೋಡಿಂಗ್ ಅಂತ ನೀನೇ ಬಾಯಿಬಿಟ್ಟು ಹೇಳು, ನಾನು ಊಹೆ ಮಾಡೋದಿಲ್ಲ.

ಹೇಳೋದು ಸುಲಭ. ಲೋಕದಲ್ಲಿದ್ದ ಅಷ್ಟೂ ಪೈಥಾನ್ ಕೋಡಿನ ಒಂದೊಂದು ಸಾಲಿನ ಮುಂದೆಯೂ ಯಾರೋ ಒಬ್ಬರು ಕೂತು "ನೀನು ಬೈಟೋ, ಅಕ್ಷರವೋ?" ಅಂತ ಕೇಳ್ಬೇಕಿತ್ತು.

*

ಆ ಕೇಳೋ ಕೆಲಸಕ್ಕೆ ಹನ್ನೆರಡು ವರ್ಷ ಹಿಡೀತು.

ಪೈಥಾನ್ 2ಕ್ಕೆ 2015ರಲ್ಲೇ ವಿದಾಯ ಹೇಳೋದು ಅಂತಿತ್ತು. ಯಾರೂ ಜಾಗ ಬಿಟ್ಟು ಕದಲದ್ದು ನೋಡಿ 2014ರಲ್ಲಿ ಗಡುವನ್ನ 2020ಕ್ಕೆ ಮುಂದೂಡಿದ್ರು. "2.8 ಬರುತ್ತೇನೋ" ಅಂತ ಕಾಯ್ತಿದ್ದವರಿಗೆ, ಅದು ಬರೋದಿಲ್ಲ ಅಂತ ಹೇಳೋ ಒಂದು ಅಧಿಕೃತ ದಾಖಲೆಯನ್ನೇ ಬರೆದಿಟ್ಟಿದ್ರು. ಅದಕ್ಕೆ ಕೊಟ್ಟ ನಂಬರ್ 404! ವೆಬ್ ಪುಟ ಸಿಗದಿದ್ದಾಗ ಬರುತ್ತಲ್ಲ, ಅದೇ ನಂಬರ್ :-) 2020ರ ಜನವರಿ 1ಕ್ಕೆ ಗಡುವು ಮುಗೀತು. ಏಪ್ರಿಲ್‌ನಲ್ಲಿ 2.7.18 ಅನ್ನೋ ಕೊನೆಯ ಬಿಡುಗಡೆ ಬಂತು. ಅಲ್ಲಿಗೆ ಪೈಥಾನ್ 2ರ ಕಥೆ ಮುಗೀತು.

ಕೆಲಸ ಹಗುರ ಮಾಡೋಕೆ ಉಪಕರಣಗಳೂ ಇದ್ವು. ಪೈಥಾನ್ ಜೊತೆಗೇ ಬರ್ತಿದ್ದ 'ಟೂ-ಟು-ತ್ರೀ' ಅನ್ನೋದು ಹಳೆ ಕೋಡನ್ನ ಓದಿ ಹೊಸ ವ್ಯಾಕರಣಕ್ಕೆ ತಿದ್ದಿಕೊಡ್ತಿತ್ತು. 'ಸಿಕ್ಸ್' ಅನ್ನೋ ಇನ್ನೊಂದು ಪುಟ್ಟ ಕಡತ ಇಟ್ಕೊಂಡ್ರೆ ಒಂದೇ ಕೋಡು ಎರಡರಲ್ಲೂ ಓಡುತ್ತೆ. ಎರಡು ಮೂರ್ಲೆ ಆರು, ಅದಕ್ಕೇ ಆ ಹೆಸರು. ಪೈಥಾನಿಗರೂ ಸ್ವಲ್ಪ ಬಗ್ಗಿದ್ರು. 3.0ರಲ್ಲಿ ಕಿತ್ತುಹಾಕಿದ್ದ 'ಯು' ಅನ್ನೋ ಯೂನಿಕೋಡ್ ಗುರುತನ್ನ 2012ರಲ್ಲಿ 3.3ಕ್ಕೆ ವಾಪಸ್ ತಂದ್ರು. ಬೈಟುಗಳ ಸಾಲಿನಲ್ಲಿ ಶೇಕಡಾ ಚಿಹ್ನೆ ಹಾಕಿ ಪದ ತುಂಬಿಸೋ ಸೌಲಭ್ಯವನ್ನ 2015ರಲ್ಲಿ 3.5ಕ್ಕೆ ಮರಳಿಸಿದ್ರು.

ಆ ಕೊನೆಯ ಸೌಲಭ್ಯಕ್ಕಾಗಿ ಕಾದು ಕೂತಿದ್ದವರಲ್ಲಿ ಮರ್ಕ್ಯುರಿಯಲ್‌ನವರೂ ಇದ್ರು. ಕೋಡಿನ ಇತಿಹಾಸ ಕಾಪಾಡೋ ತಂತ್ರಾಂಶ ಅದು. ಫೈಲಿನಲ್ಲಿ ಏನಿದೆಯೋ ಅದನ್ನ ಒಂದು ಬೈಟೂ ಬದಲಾಗದ ಹಾಗೆ ಇಟ್ಟು ಕೊಡೋದೇ ಅದರ ಧರ್ಮ. ಅಂಥವರ ಹತ್ರ ಹೋಗಿ "ಎಲ್ಲ ಅಕ್ಷರವಾಗಿ ನೋಡು" ಅಂದ್ರೆ ಹೇಗೆ? ಅವರ ಪಾಲಿಗೆ ಬಹುಪಾಲು ಎಲ್ಲವೂ ಬೈಟೇ. ಅವರು ಪೈಥಾನ್ 3ಕ್ಕೆ ಬಂದು ಸೇರಿದ್ದು 2019ರ ಕೊನೆಗೆ. ತಮಾಷೆ ಅಂದ್ರೆ 2011ರಿಂದ 2017ರ ತನಕ ಪೈಥಾನ್ ಭಾಷೆಯ ಸ್ವಂತ ಕೋಡು ಇದ್ದದ್ದೇ ಮರ್ಕ್ಯುರಿಯಲ್‌ನಲ್ಲಿ. ಅಂದ್ರೆ ಪೈಥಾನ್ 3 ಬೆಳೆದದ್ದು ಪೈಥಾನ್ 2ರ ಮೇಲೆ ಓಡ್ತಿದ್ದ ಕಣಜದಲ್ಲಿ!

ಇ-ಪುಸ್ತಕ ಓದೋರಿಗೆ ಕ್ಯಾಲಿಬರ್ ಗೊತ್ತಿರುತ್ತೆ. ಅದನ್ನ ಶುರು ಮಾಡಿದ ಕೋವಿದ್ ಗೋಯಲ್ ಮೊದಲಿಗೆ ಸುತಾರಾಂ ಒಪ್ಪಿರಲಿಲ್ಲ. ಬೇಕಾದ್ರೆ ಪೈಥಾನ್ 2ನ್ನ ತಾನೇ ಸಂಭಾಳಿಸಬಲ್ಲೆ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟಿದ್ರು. ಆ ಮಾತಿಗೆ ಆಗ ನಕ್ಕವರು ಬಹಳ ಮಂದಿ. ನನಗೆ ಅದು ನಗೋ ಮಾತು ಅನ್ನಿಸ್ಲಿಲ್ಲ. ಲಕ್ಷಾಂತರ ಸಾಲಿನ ಕೋಡು ಚೆನ್ನಾಗಿ ಓಡ್ತಿರುವಾಗ, ಬಳಸೋರಿಗೆ ಕಣ್ಣಿಗೆ ಕಾಣೋ ಒಂದೂ ಲಾಭ ಇಲ್ಲದ ಕೆಲಸಕ್ಕೆ ವರ್ಷಗಟ್ಟಲೆ ಕೂರೋದು ಯಾರಿಗೆ ಬೇಕು? ಕೊನೆಗೆ ಬೇರೆ ಬೇರೆ ಸ್ವಯಂಸೇವಕರು ಕೈಜೋಡಿಸಿ, 2020ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಬರ್ 5.0 ಪೈಥಾನ್ 3ರ ಮೇಲೆ ಬಂತು. ಅವತ್ತು ಅದರ ಹಳೆ ಪ್ಲಗಿನ್‌ಗಳಲ್ಲಿ ಯಾವುದನ್ನ ಯಾರೂ ತಿದ್ದಿರಲಿಲ್ಲವೋ ಅವು ಅಲ್ಲೇ ನಿಂತುಹೋದ್ವು.

ಕಣ್ಣು ಕಾಣದವರಿಗೆ ಪರದೆ ಓದಿ ಹೇಳೋ ಎನ್‌ವಿಡಿಎ ಕೂಡ ಪೈಥಾನಿನದ್ದೇ. 2020ರ ಫೆಬ್ರವರಿಯಲ್ಲಿ ಬಂದ ಅದರ 2019.3 ಆವೃತ್ತಿ ಪೈಥಾನ್ 3ಕ್ಕೆ ಹಾರಿತು. ಅದರ ಆಡ್-ಆನ್‌ಗಳನ್ನೂ ಒಂದೊಂದಾಗಿ ತಿದ್ದಬೇಕಾಯ್ತು. ಇಂಥ ಕಡೆ ಪೋರ್ಟಿಂಗ್ ಅಂದ್ರೆ ಬರೀ ಪ್ರೋಗ್ರಾಮರ್‌ಗಳ ಗೋಳಲ್ಲ. ಒಂದು ಆಡ್-ಆನ್ ನಿಂತುಹೋದ್ರೆ ಯಾರದೋ ದಿನದ ಕೆಲಸ ನಿಂತುಹೋಗುತ್ತೆ.

*

ಈಗ ನನ್ನ ಕಥೆಗೆ ಬರ್ತೀನಿ.

ಸಾಗರದ ಕಡೆ ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು ಒಬ್ಬರಿದ್ದಾರೆ. ನಿವೃತ್ತರಾಗಿ ಬಹಳ ವರ್ಷವಾಯ್ತು. ಅಡಿಕೆ ತೋಟದ ಮಾತುಗಳು, ಮಳೆಗಾಲದ ಮಾತುಗಳು, ಹಳೆ ಮನೆಗಳ ಭಾಗಗಳ ಹೆಸರುಗಳು... ಹೀಗೆ ಊರೂರು ತಿರುಗಿ ಪದ ಕೂಡಿಹಾಕಿದವರು. ಸೋಗೆ, ಸಿಂಗಾರ, ಕೊನೆ, ಕೊಟ್ಟೆ ಕಟ್ಟೋದು ಇಂಥವು. ಒಂದೊಂದಕ್ಕೂ ಅರ್ಥ, ಯಾವ ಊರಲ್ಲಿ ಯಾರ ಬಾಯಲ್ಲಿ ಕೇಳಿದ್ದು ಅನ್ನೋ ಟಿಪ್ಪಣಿ. ಹನ್ನೊಂದು ನೂರು ಪುಟಕ್ಕೂ ಹೆಚ್ಚು. ಪೇಟೆಯ ಡಿಟಿಪಿ ಅಂಗಡಿಯಲ್ಲಿ ಕೂತು ನುಡಿ ಮಾದರಿಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದು.

ಹೊಸಬರಿಗೆ ಒಂದು ಮಾತು. ಆಗಿನ ಆ ಫಾಂಟುಗಳಲ್ಲಿ ಕನ್ನಡ ಕಾಣಿಸ್ತಿತ್ತೇ ಹೊರತು ಫೈಲಿನೊಳಗೆ ಕನ್ನಡ ಇರ್ತಿರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿರ್ತಿದ್ರು. ಫಾಂಟ್ ತೆಗೆದು ನೋಡಿದ್ರೆ 'ಕನ್ನಡ' ಅನ್ನೋದು ಹೀಗಿರುತ್ತೆ: ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಹಾಕಿದ ಎ, ಪೌಂಡಿನ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಕ್ಯೂ, ಮತ್ತೆ ಗೀಟಿನ ಎ. ಒಟ್ಟು ಏಳು. ಇದನ್ನ ಬೈಯೋದಕ್ಕೆ ಹೇಳ್ತಿಲ್ಲ. ಕಂಪ್ಯೂಟರುಗಳಿಗೆ ಕನ್ನಡ ಯೂನಿಕೋಡ್ ಗೊತ್ತೇ ಇಲ್ಲದ ಕಾಲದಲ್ಲಿ ಪತ್ರಿಕೆ, ಪುಸ್ತಕ, ಲಗ್ನಪತ್ರಿಕೆ ಎಲ್ಲ ಹೊರಬಂದದ್ದು ಇದೇ ಉಪಾಯದಿಂದ. ಆದ್ರೆ ಅಂಥ ಫೈಲನ್ನ ಇವತ್ತಿನ ಫೋನಿನಲ್ಲಿ ತೆರೆದ್ರೆ ಗೀಟು ಹಾಕಿದ ಎಗಳ ಜಾತ್ರೆ. ಹುಡುಕೋಕಾಗಲ್ಲ, ಅಕಾರಾದಿ ಜೋಡಿಸೋಕಾಗಲ್ಲ.

ಇದನ್ನ ಯೂನಿಕೋಡ್‌ಗೆ ಬದಲಾಯಿಸೋ ಆರುನೂರು ಸಾಲಿನ ಪ್ರೋಗ್ರಾಮೊಂದನ್ನ ನನ್ನ ಗೆಳೆಯ ಬಹಳ ಹಿಂದೆ ಪೈಥಾನ್ 2ರಲ್ಲಿ ಬರೆದು ಜಿಪಿಎಲ್ ಪರವಾನಗಿಯಲ್ಲಿ ಹಂಚಿದ್ದ. ಮೇಷ್ಟ್ರ ಮೊದಲ ಕೆಲವು ಅಧ್ಯಾಯಗಳನ್ನ ಅದರಿಂದಲೇ ಬದಲಾಯಿಸಿ ಕೊಟ್ಟಿದ್ವಿ. ಉಳಿದ ಟೈಪಿಂಗ್ ಮುಗಿಯೋಕೆ ವರ್ಷಗಳಾದ್ವು. ಈ ಬಾರಿ ಪೂರ್ತಿ ಸಿಡಿ ಕಳಿಸಿ ಫೋನ್ ಮಾಡಿದ್ರು.

"ಅಲ್ಲ ಮಾರಾಯ, ಮೊಮ್ಮಗನ ಲ್ಯಾಪ್‌ಟಾಪಲ್ಲಿ ನಿಮ್ಮ ಆ ಪ್ರೋಗ್ರಾಮು ಓಡೋದೇ ಇಲ್ಲ ಅಂತಾನೆ. ಫೈಲು ಸರಿಯಾಗೇ ಇದೆ. ಪ್ರೋಗ್ರಾಮೂ ಇದೆ. ಮತ್ತೆ ಏನಾಯ್ತು?"

"ಮೇಷ್ಟ್ರೇ, ಅದು ಓಡೋ ನೆಲವೇ ಈಗಿಲ್ಲ" ಅಂದೆ.

ನಿಜವಾಗ್ಲೂ ಹಾಗೇ ಆಗಿತ್ತು. ಉಬುಂಟು 2020ರ ಹೊತ್ತಿಗಾಗಲೇ ಪೈಥಾನ್ 2ನ್ನ ತಾನಾಗಿ ಕೊಡೋದು ನಿಲ್ಲಿಸಿತ್ತು. ಡೆಬಿಯನ್ 2023ರ ಬುಕ್‌ವರ್ಮ್‌ನಲ್ಲಿ ಪೂರ್ತಿ ತೆಗೆದುಹಾಕಿತು. ಯಾರೂ ಪೋರ್ಟ್ ಮಾಡದ ತಂತ್ರಾಂಶಗಳೂ ಅದರ ಜೊತೆಗೇ ಪಟ್ಟಿಯಿಂದ ಹೊರಗೆ ಹೋದ್ವು.

ಗೆಳೆಯನಿಗೆ ಫೋನ್ ಮಾಡಿದ್ರೆ ಅವನು ಕೇಳಿದ್ದು "ಅದು ಇನ್ನೂ ಇದೆಯೇನೋ?!" ಅಂತ. ಈಗ ಅವನು ಕೋಡು ಬರೆಯೋದಿಲ್ಲ, ಬರೆಯೋರ ಮೀಟಿಂಗ್ ಮಾಡ್ತಾನೆ. "ಲೈಸೆನ್ಸ್ ಇದೆಯಲ್ಲೋ, ನೀನೇ ಮಾಡ್ಕೋ" ಅಂದ. ಹೌದು, ಲೈಸೆನ್ಸ್ ಇತ್ತು. ಮುಕ್ತ ತಂತ್ರಾಂಶ ಅನ್ನೋದು ಕೊಡೋದು ಇದನ್ನೇ. ರಿಪೇರಿ ಮಾಡೋ ಹಕ್ಕು. ರಿಪೇರಿ ಮಾಡೋ ಮನುಷ್ಯನನ್ನ ಅದು ಕೊಡೋದಿಲ್ಲ. ಕೋಡು ಮುಚ್ಚಿಟ್ಟ ಬರೀ ಇಎಕ್ಸ್‌ಇ ಫೈಲಾಗಿದ್ರೆ ಹಕ್ಕೂ ಇರ್ತಿರಲಿಲ್ಲ.

*

ಮೊದಲ ವಾರ ವ್ಯಾಕರಣದ್ದು. ಪ್ರಿಂಟ್‌ಗೆ ಆವರಣ ಹಾಕೋದು, 'ಹ್ಯಾಸ್-ಕೀ' ತೆಗೆಯೋದು, 'ಎಕ್ಸ್-ರೇಂಜ್' ಅನ್ನ ರೇಂಜ್ ಮಾಡೋದು. ಭಾಗಾಕಾರ ಇನ್ನೊಂದು. ಹಳೆಯದರಲ್ಲಿ 7ನ್ನ 2ರಿಂದ ಭಾಗಿಸಿದ್ರೆ 3, ಹೊಸದರಲ್ಲಿ 3.5. ಪಟ್ಟಿಯ ಮೂರೂವರೆನೇ ಸಾಲು ಕೊಡು ಅಂದ್ರೆ ಪೈಥಾನ್ ಎಲ್ಲಿಂದ ಕೊಟ್ಟೀತು? ಇವೆಲ್ಲ ಬೊಬ್ಬೆ ಹಾಕೋ ದೋಷಗಳು. ತಾವೇ ಕೂಗಿ ಹೇಳ್ತಾವೆ, ತಿದ್ದಿದ್ರೆ ಮುಗೀತು.

ಆಮೇಲೆ ಫೈಲು ತೆರೆಸಿದೆ. ಎರಡನೇ ಬೈಟಿಗೇ ನಿಂತಿತು. ಯುಟಿಎಫ್-8 ಅಂದುಕೊಂಡು ಓದೋಕೆ ಹೋದ ಪೈಥಾನ್ 3ಕ್ಕೆ ಗೀಟು ಹಾಕಿದ ಎ ಸಿಕ್ತು. ಆ ಬೈಟು ಸರಿಯಾದ ಯುಟಿಎಫ್-8ರಲ್ಲಿ ಎಲ್ಲೂ ಬರೋ ಹಾಗೇ ಇಲ್ಲ. ಈಗ ಕೇಳ್ಬೇಕಾದ ಪ್ರಶ್ನೆ ಅದೇ, ಮೇಷ್ಟ್ರ ಫೈಲು ಬೈಟೋ, ಅಕ್ಷರವೋ?

ಬೈಟು ಅಂದ್ಕೊಂಡು ಹೋದ್ರೆ ಒಂದು ಹೊಂಡ ಇದೆ. ಪೈಥಾನ್ 3ರಲ್ಲಿ ಬೈಟುಗಳ ಸಾಲಿನಿಂದ ಒಂದನ್ನ ಎತ್ತಿದ್ರೆ ಬರೋದು ಅಕ್ಷರವಲ್ಲ, ಸಂಖ್ಯೆ. ಪಿ ಬದಲಿಗೆ 80. ನಮ್ಮ ಕೋಷ್ಟಕದಲ್ಲಿ ಇರೋದು ಪಿ. 80ಕ್ಕೂ ಪಿಗೂ ಸಮ ಇದೆಯಾ ಅಂತ ಕೇಳಿದ್ರೆ ಪೈಥಾನ್ ಎರರ್ ಕೊಡೋದಿಲ್ಲ, ಸುಮ್ಮನೆ "ಇಲ್ಲ" ಅನ್ನುತ್ತೆ. ಕೋಷ್ಟಕದಲ್ಲಿ ಸಿಗದಿದ್ರೆ ಇದ್ದದ್ದನ್ನ ಹಾಗೇ ಬಿಡು ಅನ್ನೋದು ಗೆಳೆಯ ಬರೆದಿದ್ದ ನಿಯಮ. ಅಲ್ಲಿಗೆ ಪ್ರೋಗ್ರಾಮು ಒಂದೂ ಎರರ್ ಇಲ್ಲದೆ ಓಡಿ, ಒಂದಕ್ಷರವನ್ನೂ ಬದಲಾಯಿಸದೆ ಮುಗಿಯುತ್ತೆ! ಬೊಬ್ಬೆ ಹಾಕೋ ದೋಷಕ್ಕಿಂತ ಸುಮ್ಮನಿರೋ ದೋಷ ಕೆಟ್ಟದ್ದು.

ಹಾಗಾಗಿ ಫೈಲನ್ನ 'ಲ್ಯಾಟಿನ್-1' ಎನ್‌ಕೋಡಿಂಗ್‌ನಲ್ಲಿ ತೆರೆದೆ. ಅದರಲ್ಲಿ 256 ಬೈಟಿಗೂ ಒಂದೊಂದು ಅಕ್ಷರ ಇದೆ, ಯಾವುದೂ ಬಿದ್ದುಹೋಗೋದಿಲ್ಲ. ವಿಂಡೋಸಿನ 1252 ಬಳಸಬಹುದಿತ್ತು, ಆದ್ರೆ ಅದರಲ್ಲಿ ಐದು ಬೈಟುಗಳಿಗೆ ಅಕ್ಷರವೇ ಇಲ್ಲ, ಪೈಥಾನ್ ಅಲ್ಲಿ ನಿಂತುಬಿಡುತ್ತೆ. ಒಳಗೆ ಬರೋವಾಗ ಲ್ಯಾಟಿನ್-1, ಹೊರಗೆ ಹೋಗೋವಾಗ ಯುಟಿಎಫ್-8, ನಡುವೆ ಇರೋದೆಲ್ಲ ಅಕ್ಷರ. ಎರಡು ಬಾಗಿಲಿಗೂ ಹೀಗೆ ಹೆಸರು ಬರೆದ ಮೇಲೆ ಮನೆಯೊಳಗಿನ ಗಲಾಟೆ ಬಹಳಷ್ಟು ತಣ್ಣಗಾಯ್ತು.

ಪ್ರೋಗ್ರಾಮು ಓಡಿತು. ಕನ್ನಡ ಬಂತು. ಓದಿ ನೋಡಿದೆ, ಚೆನ್ನಾಗೇ ಇತ್ತು.

ಆದ್ರೆ ಕೆಲಸ ಶುರು ಮಾಡೋ ಮೊದಲೇ ಒಂದು ಏರ್ಪಾಡು ಮಾಡ್ಕೊಂಡಿದ್ದೆ. 2.7.18ರ ಸೋರ್ಸ್ ಇಳಿಸಿ, ನನ್ನ ಯಂತ್ರದ ಒಂದು ಮೂಲೆಯಲ್ಲಿ ಕಂಪೈಲ್ ಮಾಡಿ, ಹಳೆ ಪ್ರೋಗ್ರಾಮನ್ನ ಅದರ ಮೇಲೆ ಓಡಿಸಿ ಅದರ ಫಲಿತಾಂಶವನ್ನ ಎತ್ತಿಟ್ಟಿದ್ದೆ. ಈಗ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು 'ಡಿಫ್' ಹಾಕಿದೆ. ಸಾವಿರಾರು ಸಾಲು ವ್ಯತ್ಯಾಸ! ಕಣ್ಣಿಗೆ ನೋಡಿದ್ರೆ ಎರಡೂ ಒಂದೇ ಥರ. ಇಲ್ಲೂ 'ಮನೆ', ಅಲ್ಲೂ 'ಮನೆ'. ಏನಿದು ಮಾಟ ಅಂತ ಅಕ್ಷರ ಬಿಡಿಸಿ ನೋಡಿದೆ. ಹಳೆಯದರಲ್ಲಿ ಮ-ನೆ. ಹೊಸದರಲ್ಲಿ ವು-ನೆ. 'ವುನೆ'!

ನಮ್ಮ ಲಿಪಿಯಲ್ಲಿ ಮ ಅನ್ನೋದು ವ-ಗೆ ಒಂದು ಕೊಂಬು ಎಳೆದ ಹಾಗೇ ಕಾಣುತ್ತಲ್ಲ? ನುಡಿ ಮಾದರಿಯ ಫಾಂಟಿನಲ್ಲಿ ಮ ಬರೆಯೋದೇ ಹಾಗೆ. ವ-ದ ಎರಡು ಚಿಹ್ನೆ, ಅದರ ಹಿಂದೆ ಉಕಾರದ ಚಿಹ್ನೆ. ಹಾಗಾಗಿ ಬದಲಾಯಿಸೋವಾಗ ಮ-ವನ್ನ ಮೊದಲು ಹುಡುಕ್ಬೇಕು, ವ-ವನ್ನ ಆಮೇಲೆ. ಗೆಳೆಯನ ಕೋಷ್ಟಕ 'ಡಿಕ್ಷನರಿ' ಅನ್ನೋ ರಚನೆಯಲ್ಲಿತ್ತು. ಪೈಥಾನ್ 2ರಲ್ಲಿ ಡಿಕ್ಷನರಿಗೆ ಗೊತ್ತಾದ ಕ್ರಮವೇ ಇಲ್ಲ, ಒಳಗಿನ ಯಾವುದೋ ಲೆಕ್ಕದ ಪ್ರಕಾರ ಬರುತ್ತೆ. ಆ ಲೆಕ್ಕದಲ್ಲಿ ಮ ಮೊದಲು ಬರ್ತಿದ್ದದ್ದು ಬರೀ ಅದೃಷ್ಟ. ಪೈಥಾನ್ 3.7ರಿಂದ ಈಚೆಗೆ ಡಿಕ್ಷನರಿ ನಾವು ಬರೆದ ಕ್ರಮವನ್ನೇ ಪಾಲಿಸುತ್ತೆ. ಬರೆದಿದ್ದ ಕ್ರಮದಲ್ಲಿ ಚಿಕ್ಕದಾದ ವ ಮೊದಲಿತ್ತು. ಅಲ್ಲಿಗೆ ಮರ ಹೋಗಿ ವುರ, ಮಳೆ ಹೋಗಿ ವುಳೆ. ಹೊಸ ಪೈಥಾನ್ ಹಳೆಯದಕ್ಕಿಂತ ಶಿಸ್ತಾಗಿದ್ದದ್ದೇ ಇಲ್ಲಿ ತೊಂದರೆಗೆ ಕಾರಣ!

ಪೋರ್ಟಿಂಗ್ ಅಂದ್ರೆ ಏನು ಅಂತ ನನಗೆ ಸರಿಯಾಗಿ ಅರ್ಥ ಆದದ್ದು ಈ ಒಂದು ಅಕ್ಷರದಲ್ಲಿ. ಕಣ್ಣಿಗೆ ಕನ್ನಡ ಸರಿಯಾಗಿದೆ. ಅಚ್ಚು ಹಾಕಿಸಿದ್ರೆ ಎಷ್ಟೋ ಜನ ಗಮನಿಸೋದೇ ಇಲ್ಲ. ಆದ್ರೆ ಮೇಷ್ಟ್ರ ಪದಕೋಶದಲ್ಲಿ ಯಾರಾದ್ರೂ 'ಮಳೆ' ಅಂತ ಹುಡುಕಿದ್ರೆ ಸಿಗೋದಿಲ್ಲ. ಅಕಾರಾದಿಯಲ್ಲಿ ಮಕಾರದ ಎಷ್ಟೋ ಪದ ವಕಾರದ ಕೆಳಗೆ ಹೋಗಿ ಕೂರ್ತಾವೆ. ಪರದೆ ಓದೋ ತಂತ್ರಾಂಶ ಅಂತೂ ಇದ್ದ ಹಾಗೇ 'ವುಳೆ' ಅಂತ ಓದುತ್ತೆ, ಅದಕ್ಕೆ ಆಕಾರ ನೋಡಿ ಮೋಸಹೋಗೋ ಕಣ್ಣಿಲ್ಲ.

ತಿದ್ದೋದು ಒಂದೇ ಸಾಲಿನ ಕೆಲಸ. ಉದ್ದನೆಯವು ಮೊದಲು, ಚಿಕ್ಕವು ಆಮೇಲೆ ಅಂತ ಬಾಯಿಬಿಟ್ಟು ಹೇಳಿಬಿಡೋದು. ಅದೃಷ್ಟದಿಂದ ನಡೀತಿದ್ದದ್ದನ್ನ ನಿಯಮದಿಂದ ನಡೆಯೋ ಹಾಗೆ ಮಾಡೋದು. ಡಿಫ್‌ನ ಸಾಲುಗಳು ಒಂದೇ ಸಲಕ್ಕೆ ನಲವತ್ತಕ್ಕೆ ಇಳಿದ್ವು. ಆ ನಲವತ್ತನ್ನ ಒಂದೊಂದಾಗಿ ಕೂತು ನೋಡಿದೆ. ಬಹುಪಾಲು ಅರ್ಕಾವತ್ತಿನವು. ಹಳೆ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ ಬರುತ್ತೆ, ಯೂನಿಕೋಡಿನಲ್ಲಿ ರ್ ಮುಂದೆ ಬರ್ಬೇಕು, ಅದನ್ನ ಎತ್ತಿ ಮುಂದೆ ಇಡೋ ಕೋಡು ಕೆಲವು ಕಡೆ ಒಂದಕ್ಷರ ಆಚೀಚೆ ಆಗಿತ್ತು. ಧರ್ಮ, ಕೀರ್ತಿ, ಸ್ತ್ರೀ, ಜ್ಞಾನ, ಕ್ಷೇತ್ರ ಇಂಥ ಇನ್ನೂರು ಪದಗಳ ಪರೀಕ್ಷೆಯೊಂದನ್ನ ಬರೆದು ಕೋಡಿನ ಜೊತೆಗೇ ಇಟ್ಟಿದ್ದೀನಿ. ಮುಂದೆ ಯಾರು ಮುಟ್ಟಿದ್ರೂ ಮೊದಲು ಆ ಪದಗಳು ಸರಿಯಾಗಿ ಬರ್ಬೇಕು.

*

"ಹಳೆ ಪೈಥಾನನ್ನ ಮೂಲೆಯಲ್ಲಿ ಕಂಪೈಲ್ ಮಾಡಿ ಓಡಿಸಿದ್ರಲ್ಲ, ಅದರಲ್ಲೇ ಮೇಷ್ಟ್ರ ಫೈಲು ಬದಲಾಯಿಸಿ ಕೊಡಬಹುದಿತ್ತಲ್ಲ? ಇಷ್ಟೆಲ್ಲ ಯಾಕೆ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮೇಷ್ಟ್ರ ಒಂದು ಫೈಲಿಗೆ ಅದು ಸಾಕಿತ್ತು. ಆದ್ರೆ ಅದು ನನಗೆ ಮಾತ್ರ ಓಡುತ್ತೆ. ಊರೂರಿನ ಡಿಟಿಪಿ ಅಂಗಡಿಗಳ ಹಳೆ ಹಾರ್ಡ್‌ಡಿಸ್ಕ್‌ಗಳಲ್ಲಿ ಇಂಥ ಕನ್ನಡ ಎಷ್ಟು ಬಿದ್ದಿದೆಯೋ! ಅದನ್ನ ತೆಗೀಬೇಕಾದವರು ಮೊಮ್ಮಗನ ಲ್ಯಾಪ್‌ಟಾಪಿನ ಮುಂದೆ ಕೂತ ಮೇಷ್ಟ್ರಂಥವರು. ಅವರಿಗೆ ಮೊದಲು ಪೈಥಾನ್ ಕಂಪೈಲ್ ಮಾಡಿ ಅಂತ ಹೇಳೋಕಾಗುತ್ತಾ?

ಹಾಗಂತ ಪೈಥಾನ್ 3 ಬಂತು, ಕನ್ನಡದ ಕಷ್ಟ ಎಲ್ಲ ತೀರಿತು ಅಂತೇನಿಲ್ಲ. ಪದಗಳನ್ನ ಬಿಡಿಸೋಕೆ ಎಲ್ಲರೂ ಬಳಸೋ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಇದೆ. 'ಪದದ ಅಕ್ಷರಗಳು' ಅಂತ ಅದರ ಅರ್ಥ. ಅದಕ್ಕೆ 'ಕನ್ನಡ' ಕೊಟ್ಟು ನೋಡಿ, 'ಕನ' ಮತ್ತು 'ನಡ' ಅಂತ ಎರಡು ತುಂಡು ಕೊಡುತ್ತೆ! ನಮ್ಮ ಹಲಂತ, ಗುಣಿತದ ಚಿಹ್ನೆಗಳು ಅದರ ಲೆಕ್ಕದಲ್ಲಿ ಅಕ್ಷರಗಳೇ ಅಲ್ಲ. ಅದಕ್ಕೇ ನಾನು ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ 128 ಜಾಗಗಳನ್ನೂ, ಕಣ್ಣಿಗೆ ಕಾಣದ ಎರಡು ಜೋಡಣೆ ಚಿಹ್ನೆಗಳನ್ನೂ ಹೆಸರಿಸಿ ಬರೆದೆ.

ಪೊರೆ ಬಿಡೋದೂ ನಿಂತಿಲ್ಲ. 2023ರ ಪೈಥಾನ್ 3.12ರಲ್ಲಿ ತಂತ್ರಾಂಶ ಕಟ್ಟಿ ಹಂಚೋಕೆ ಬಳಸ್ತಿದ್ದ 'ಡಿಸ್ಟ್-ಯುಟಿಲ್ಸ್' ಹೋಯ್ತು. 2024ರ 3.13ರಲ್ಲಿ ಹತ್ತೊಂಬತ್ತು ಹಳೆ ಮಾಡ್ಯೂಲುಗಳನ್ನ ಒಟ್ಟಿಗೆ ತೆಗೆದ್ರು. ಅದೇ ಬಾರಿ, ಎಲ್ಲರನ್ನೂ ದಡ ಸೇರಿಸಿದ ಆ 'ಟೂ-ಟು-ತ್ರೀ' ಉಪಕರಣವೂ ಹೋಯ್ತು. ಈಗ ಹಳೆ ಕೋಡು ಹಿಡಿದು ಬರೋರಿಗೆ ದೋಣಿಯನ್ನೂ ಹಳೆ ಆವೃತ್ತಿಯಲ್ಲೇ ಹುಡುಕ್ಬೇಕು. ಗೆಳೆಯನ ಪ್ರೋಗ್ರಾಮಿಗೆ ಇನ್ನೊಂದು ಐದು ವರ್ಷಕ್ಕೆ ಮತ್ತೆ ಏನಾದ್ರೂ ತಿದ್ದುಪಡಿ ಬೇಕಾಗೇ ಆಗುತ್ತೆ. ಹೆಂಚಿನ ಮನೆಗೆ ಪ್ರತಿ ಮಳೆಗಾಲದ ಮುಂಚೆ ಹತ್ತಿ ಕೈಯಾಡಿಸ್ತೀವಲ್ಲ, ಅದೇ ಥರ. ಹತ್ತಿದವರಿಗೆ ಯಾರೂ ಹಾರ ಹಾಕೋದಿಲ್ಲ. ಸೋರಿದಾಗ ಮಾತ್ರ ಎಲ್ಲರೂ ಮೇಲೆ ನೋಡ್ತಾರೆ.

ಮೇಷ್ಟ್ರಿಗೆ ಫೈಲು ಕಳಿಸಿ ಎರಡು ವಾರವಾಯ್ತು. ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ ಈಗ ಪ್ರೋಗ್ರಾಮೂ ಓಡುತ್ತೆ. ಮೊನ್ನೆ ಫೋನ್ ಮಾಡಿ, ಫೋನಿನಲ್ಲೇ ಪದ ಹುಡುಕಿ ನೋಡಿದೆ ಅಂದ್ರು. "ಸಿಗ್ತದೆ ಮಾರಾಯ! ಸರಿ, ಇನ್ನೂ ಒಂದು ಇನ್ನೂರು ಪದ ಬಾಕಿ ಇದೆ, ಅದನ್ನೂ ಅದೇ ಅಂಗಡಿಯಲ್ಲಿ ಕೊಟ್ಟಿದ್ದೀನಿ..." ಅಂದ್ರು. ಅದೇ ಹಳೆ ಫಾಂಟಿನಲ್ಲಿ! ನಾನು ಬೇಡ ಅನ್ನೋಕೆ ಹೋಗಲಿಲ್ಲ :-)

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಹತ್ರ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ ಕಥೆ, ಕವನ, ಅಜ್ಜನ ಆತ್ಮಕಥೆ ಏನೇ ಇದ್ರೂ ಈಗಲೇ ಯೂನಿಕೋಡ್‌ಗೆ ಬದಲಾಯಿಸ್ಕೊಳ್ಳಿ. ಮೂಲ ಫೈಲನ್ನೂ, ಅದರ ಫಾಂಟನ್ನೂ ಜೊತೆಗೇ ಇಟ್ಟಿರಿ, ಬಿಸಾಡಬೇಡಿ. ಬದಲಾಯಿಸಿದ ಮೇಲೆ ಕಣ್ಣಿನಿಂದ ನೋಡಿ ಬಿಡಬೇಡಿ, 'ಮನೆ' ಅಂತ ಒಮ್ಮೆ ಹುಡುಕಿ ನೋಡಿ. ಹಳೆ ಪೈಥಾನ್ 2ರಲ್ಲಿ ಕನ್ನಡಕ್ಕಾಗಿ ಏನಾದ್ರೂ ಬರೆದು ಮರೆತಿದ್ರೆ, ಧೂಳು ಕೊಡವಿ ಹೊರಗೆ ತನ್ನಿ. ನೀವೇ ಪೋರ್ಟ್ ಮಾಡದಿದ್ರೂ ಪರವಾಗಿಲ್ಲ, ಒಂದು ಲೈಸೆನ್ಸ್ ಹಾಕಿ, ಸರಿಯಾದ ಉತ್ತರ ಗೊತ್ತಿರೋ ನಾಲ್ಕು ಪದಗಳನ್ನ ಅದರ ಜೊತೆಗಿಡಿ. ಮುಂದೆ ಹೆಂಚು ಕೈಯಾಡಿಸೋಕೆ ಹತ್ತೋರಿಗೆ ಕಾಲಿಡೋಕೆ ಅಷ್ಟು ಸಾಕು.